ಕೆಮ್ಮುವ ಲಾರಿ

ಮಾಗಿಯ ಚಳಿಗೆ ಹೆದರಿದ ನಾಯಿಯೊಂದು ತನ್ನ ಮೂರು ಮರಿಗಳಿಗೆ ಮರೆ ಹುಡುಕುತ್ತಾ ಸಂಜೆ ಲಾರಿ ಸ್ಟ್ಯಾಂಡಿಗೆ ಬಂತು. ಅಲ್ಲಿ ಹೊಸ ಪೆಟ್ರೋಲ್ ವ್ಯಾನೂ ಹಳೆಯ ಡೀಸೆಲ್ ಲಾರಿಯೂ ಅಕ್ಕಪಕ್ಕ ನಿಂತಿದ್ದವು.

"ನನ್ನ ಕೆಳಗೆ ಬಾ ತಾಯಿ," ಎಂದಿತು ವ್ಯಾನು. "ಒಂದು ತೊಟ್ಟು ಆಯಿಲ್ ಸೋರುವುದಿಲ್ಲ. ಈ ಮುದುಕನ ಕೆಳಗೆ ಮಲಗಿದರೆ ಮರಿಗಳು ಕರ್ರಗಾಗುತ್ತವೆ."

"ಬೆಳಿಗ್ಗೆ ನೀನು ಹೊರಡುವುದು ಹೇಗಪ್ಪ?" ಎಂದು ನಾಯಿ ಕೇಳಿತು.

"ಕೀಲಿ ತಿರುಗಿಸಿದರೆ ಸಾಕು, ಮರುಕ್ಷಣ ರಸ್ತೆಯಲ್ಲಿರುತ್ತೇನೆ."

"ನೀನು ಹೇಗಣ್ಣ?"

ಲಾರಿ ನಾಚಿಕೊಂಡು ಹೇಳಿತು: "ನನ್ನದು ಕೇಳಬೇಡಮ್ಮ. ಚಳಿಯಲ್ಲಿ ಮೈ ಕಾಯುವ ತನಕ ಕೆಮ್ಮುತ್ತೇನೆ, ನಡುಗುತ್ತೇನೆ, ಹೊಗೆ ಉಗುಳುತ್ತೇನೆ. ಡ್ರೈವರ್ ಟೀ ಕುಡಿದು ಬಂದು ಬೈದ ಮೇಲೇ ಹೊರಡುವುದು."

ನಾಯಿ ಮರಿಗಳನ್ನು ಲಾರಿಯ ಕೆಳಗೇ ಮಲಗಿಸಿತು.

"ನಿನಗೆ ಬುದ್ಧಿ ನೆಟ್ಟಗಿದೆಯಾ?" ಎಂದು ವ್ಯಾನು ನಕ್ಕಿತು.

"ನನಗಿರುವುದು ಒಂದೇ ಬಾಯಿ ಕಣಪ್ಪ. ಒಂದು ಸಲಕ್ಕೆ ಒಂದೇ ಮರಿ ಹಿಡಿಯುತ್ತದೆ."

ಬೆಳಿಗ್ಗೆ ವ್ಯಾನು ಹೇಳಿದ ಹಾಗೇ ಮರುಕ್ಷಣ ಹೊರಟುಹೋಯಿತು. ಲಾರಿ ಕೆಮ್ಮತೊಡಗಿತು. ಮೊದಲ ಕೆಮ್ಮಿಗೇ ಎದ್ದ ನಾಯಿ ಒಂದು ಮರಿಯನ್ನು ಕಚ್ಚಿಕೊಂಡು ಗೋಡೆಯ ಬದಿಗೆ ಓಡಿತು. ಮತ್ತೆ ಬಂದು ಇನ್ನೊಂದನ್ನು ಒಯ್ದಿತು. ಅಷ್ಟರಲ್ಲಿ ಲಾರಿಯ ಮೈ ಕಾದಿತ್ತು.

"ಇನ್ನಾದರೂ ಹೊರಡಪ್ಪ ತಂದೆ!" ಎಂದು ಡ್ರೈವರ್ ಹುಸೇನಪ್ಪ ಗೇರು ಹಾಕಿದ. ಮೂರನೆಯ ಮರಿ ಇನ್ನೂ ಚಕ್ರದ ಮುಂದೆಯೇ ಮಲಗಿತ್ತು.

ತನ್ನ ಕೆಮ್ಮಿಗೆ ಜೀವಮಾನವಿಡೀ ನಾಚಿದ್ದ ಲಾರಿ, ಅಂದು ಬೇಕೆಂದೇ ಇನ್ನೊಮ್ಮೆ ಕೆಮ್ಮಿ ಆಫ್ ಆಯಿತು.