ತೊಟ್ಟಿಯಲ್ಲಿ ಉಳಿದ ನೀರು

“ಕೇಳ್ರಪ್ಪೋ ಕೇಳಿ! ರಾಜಕುಮಾರಿ ಕನಕಾಂಬೆಯವರ ಮೂರು ಒಗಟು ಬಿಡಿಸಿದವನಿಗೆ ಕುಮಾರಿಯ ಕೈಯೂ ಅರ್ಧ ರಾಜ್ಯವೂ ಕೊಡುಗೆ. ಒಂದು ತಪ್ಪಿದರೂ ಅಮಾವಾಸ್ಯೆಗೆ ತಲೆದಂಡ!”

ರಾಜ ಉದ್ದಂಡರಾಯನ ಡಂಗುರ ಹೀಗೆ ಊರೂರು ಸುತ್ತಿತು. ಅರ್ಧ ರಾಜ್ಯವೆಂದರೆ ಮೇಯಲು ಬಿಟ್ಟ ಎಮ್ಮೆ ಮಧ್ಯಾಹ್ನದೊಳಗೆ ದಾಟಿಬಿಡುವಷ್ಟು ನೆಲ. ಆದರೂ ಹೆಗಲ ಮೇಲಿನ ತಲೆ ಭಾರವೆನಿಸಿದ ಗಂಡಸರಿಗೆ ಆ ಸೀಮೆಯಲ್ಲಿ ಬರವಿರಲಿಲ್ಲ.

ಹೇರೆತ್ತಿನ ಮೇಲೆ ಉಪ್ಪು ಸಾಗಿಸುವ ಚೆನ್ನಿಗನಿಗೆ ಈ ಹುಚ್ಚು ಇರಲಿಲ್ಲ. ಅವನ ಅಣ್ಣ ಬೆಟ್ಟಯ್ಯನಿಗೆ ಇತ್ತು. ಎರಡು ಒಗಟು ಗೆದ್ದು ಮೂರನೆಯದರಲ್ಲಿ ಸೋತನೆಂದು ಅವನನ್ನು ಸೆರೆಮನೆಗೆ ತಳ್ಳಿದ್ದರು. ಅಮಾವಾಸ್ಯೆ ನಾಳೆಯೇ. ತಾನು ಗೆದ್ದರೆ ಕುಮಾರಿಯನ್ನು ಅಲ್ಲೇ ಬಿಟ್ಟು ಅಣ್ಣನನ್ನು ಕೇಳಿ ತರುವುದೆಂದುಕೊಂಡು ಚೆನ್ನಿಗ ಅರಮನೆಗೆ ಬಂದ.

ಅವನನ್ನು ಕಂಡೊಡನೆ ಕನಕಾಂಬೆ ಸೆರಗಿನಿಂದ ಮೂಗು ಮುಚ್ಚಿಕೊಂಡಳು. “ಎತ್ತಿನ ನಾತ! ಬೇಗ ಕೇಳಿ ಮುಗಿಸುತ್ತೇನೆ. ಮೂರು ಪೆಟ್ಟಿಗೆಗಳಲ್ಲಿ ಸಮಸಮ ಮುತ್ತುಗಳಿವೆ. ಹೊರಗೆ ಐದು ಬಿಡಿ ಮುತ್ತುಗಳಿವೆ. ಒಟ್ಟು ಇಪ್ಪತ್ತಾರು. ಒಂದು ಪೆಟ್ಟಿಗೆಯಲ್ಲಿ ಎಷ್ಟು?”

ಪಲ್ಲಕ್ಕಿಯಲ್ಲಿ ಬಂದಿದ್ದ ಪಕ್ಕದ ನಾಡಿನ ಯುವರಾಜ ಮುನ್ನುಗ್ಗಿದ. “ಒಂಬತ್ತು! ಅದು ನಮ್ಮ ವಂಶಕ್ಕೆ ಒಲಿದ ಸಂಖ್ಯೆ.” ವಂಶ ಅವನನ್ನು ಕಾಯಲಿಲ್ಲ. ಕಾವಲುಗಾರರು ಎಳೆದುಕೊಂಡು ಹೋದರು.

“ಬಿಡಿ ಐದನ್ನ ಮೊದಲು ಪಕ್ಕಕ್ಕಿಡಿ ತಾಯಿ,” ಎಂದ ಚೆನ್ನಿಗ. “ಇಪ್ಪತ್ತೊಂದು ಉಳೀತು. ಮೂರು ಪೆಟ್ಟಿಗೆಗೆ ಹಂಚಿದ್ರೆ ಏಳೇಳು.”

ಕುಮಾರಿ ಹುಬ್ಬು ಗಂಟಿಕ್ಕಿದಳು. “ನನ್ನಲ್ಲಿ ಐದು ಚೀಲ, ಬಿಡಿಯಾಗಿ ಮೂರು ಮುತ್ತು. ತಂಗಿಯಲ್ಲಿ ಎರಡು ಚೀಲ, ಬಿಡಿಯಾಗಿ ಹದಿನೆಂಟು. ಎಲ್ಲ ಚೀಲದಲ್ಲೂ ಮುತ್ತು ಸಮಸಮ, ಇಬ್ಬರ ಗಂಟೂ ಸಮ. ಚೀಲದಲ್ಲಿ ಎಷ್ಟು?”

ಪಣಕ್ಕೆ ನಿಂತಿದ್ದ ದಂಡನಾಯಕನ ಮಗ ಮೀಸೆ ತಿರುವಿದ. “ತಂಗಿಯ ಎರಡು ಚೀಲ ತೆಗೆದುಬಿಟ್ಟೆ. ಅತ್ತ ಹದಿನೆಂಟು. ಇತ್ತ ಮೂರು ಕಳೆದರೆ ಐದು ಚೀಲಕ್ಕೆ ಹದಿನೈದು. ಚೀಲಕ್ಕೆ ಮೂರು!” ಅವನನ್ನೂ ಎಳೆದೊಯ್ದರು. ಮೀಸೆ ಮಾತ್ರ ಬಾಗಿಲವರೆಗೂ ನೆಟ್ಟಗಿತ್ತು.

“ಹೇರಿನಲ್ಲಿ ಒಂದೇ ಮಗ್ಗುಲಿಂದ ಇಳಿಸಬಾರದು,” ಎಂದ ಚೆನ್ನಿಗ. “ಗಂಟು ಎತ್ತಿನ ಹೊಟ್ಟೆ ಕೆಳಕ್ಕೆ ಜಾರ್ತದೆ. ನಾವು ಇಬ್ಬರು ನಿಂತು ಎರಡು ಕಡೆಯಿಂದ್ಲೂ ಒಟ್ಟಿಗೆ ಇಳಿಸ್ತೀವಿ. ಎರಡೂ ಕಡೆಯಿಂದ ಎರಡೆರಡು ಚೀಲ ತೆಗೀರಿ. ನಿಮ್ಮಲ್ಲಿ ಮೂರು ಚೀಲ, ಮೂರು ಮುತ್ತು, ಅವರಲ್ಲಿ ಹದಿನೆಂಟು. ಎರಡೂ ಕಡೆಯಿಂದ ಮೂರು ಮುತ್ತು ತೆಗೀರಿ. ಮೂರು ಚೀಲಕ್ಕೆ ಹದಿನೈದು. ಚೀಲಕ್ಕೆ ಐದು.”

ಸಭೆ ಗುಸುಗುಸು ಎಂದಿತು. ಕನಕಾಂಬೆಯ ತುಟಿಯಲ್ಲಿ ಸಣ್ಣ ನಗೆ ಮೂಡಿತು. ಬೆಟ್ಟಯ್ಯ ಬಿದ್ದದ್ದು ಮುಂದಿನದರಲ್ಲೇ.

“ತೊಟ್ಟಿಯಲ್ಲಿ ಇಪ್ಪತ್ತು ಕೊಡ ನೀರಿದೆ. ಬಂದ ಒಬ್ಬೊಬ್ಬ ದಾಸಿಯೂ ಮೂರು ಕೊಡ ಒಯ್ಯುತ್ತಾಳೆ. ಕೊನೆಗೆ ಎಂಟು ಕೊಡಕ್ಕಿಂತ ಹೆಚ್ಚು ಉಳಿಯಬೇಕು. ಎಷ್ಟು ದಾಸಿಯರು ಬರಬಹುದು?”

“ನಾಲ್ವರಿಗಿಂತ ಕಡಿಮೆ. ಮೂವರಾದ್ರೂ ಸರಿ, ಇಬ್ಬರಾದ್ರೂ ಸರಿ, ಯಾರೂ ಬರದಿದ್ರೂ ಸರಿ.”

ಕುಮಾರಿ ಕೈತಟ್ಟಿ ನಕ್ಕಳು. “ಇವನ ಅಣ್ಣನೂ ಇದನ್ನೇ ಒದರಿದ್ದ! ಉತ್ತರ, ನಾಲ್ವರಿಗಿಂತ ಹೆಚ್ಚು.”

ಆಸ್ಥಾನದ ಗಣಿತಗುರು ಶಾಲು ಸರಿಪಡಿಸಿಕೊಂಡ. “ನಿನ್ನದೇ ನ್ಯಾಯವಯ್ಯ, ಎರಡು ಕಡೆಗೂ ಒಂದೇ ಕೆಲಸ. ಎರಡು ಕಡೆಯಿಂದಲೂ ಇಪ್ಪತ್ತು ಕಳೆದೆ, ಋಣ ಮೂರರಿಂದ ಭಾಗಿಸಿದೆ, ನಾಲ್ಕು ಬಂತು. ‘ಹೆಚ್ಚು’ ಎಂಬುದು ಹೆಚ್ಚಾಗಿಯೇ ಉಳಿಯಿತು.” ಇಡೀ ಸಭೆ ತಲೆದೂಗಿತು. ಅಲ್ಲಿ ಕೂತವರಲ್ಲಿ ಒಬ್ಬರಾದರೂ ಜನ್ಮದಲ್ಲಿ ಒಂದು ಕೊಡ ನೀರು ಹೊತ್ತವರಲ್ಲ.

ಕಾವಲುಗಾರರು ಮುಂದೆ ಬಂದರು. ಚೆನ್ನಿಗನಿಗೆ ಭಯಕ್ಕಿಂತ ಹೇಸಿಗೆಯೇ ಹೆಚ್ಚಾಯಿತು. “ಹೆಚ್ಚು ಒಯ್ದ್ರೆ ಹೆಚ್ಚು ಉಳೀತದಾ ತಾಯಿ? ತೊಟ್ಟಿ ತುಂಬಿಸಿ. ಐವರನ್ನ ಕರೀರಿ. ಆಮೇಲೆ ನನ್ನ ತಲೆ ತಕ್ಕೊಳ್ಳಿ.”

ರಾಜನಿಗೆ ತಮಾಷೆ ಎನಿಸಿತು, ಕರೆಸಿದ. ಐವರು ದಾಸಿಯರು ಮೂರು ಮೂರು ಕೊಡ ಒಯ್ದರು. ಉಳಿದದ್ದನ್ನು ಅಳೆದರೆ ಬರೀ ಐದು ಕೊಡ. ದಾಸಿಯರು ನಗು ತಡೆಯಲಾರದೆ ಗೋಡೆ ಕಡೆ ತಿರುಗಿ ನಿಂತರು.

“ಎಂಟಕ್ಕಿಂತ ಹೆಚ್ಚು ಉಳೀಬೇಕಾದ್ರೆ ಹನ್ನೆರಡಕ್ಕಿಂತ ಕಡಿಮೆ ಒಯ್ಯಬೇಕು,” ಎಂದ ಚೆನ್ನಿಗ. “ಒಬ್ಬೊಬ್ಬರಿಗೆ ಮೂರು ಕೊಡ, ಅಂದ್ರೆ ನಾಲ್ವರಿಗಿಂತ ಕಡಿಮೆ. ಉಳಿಯೋ ಲೆಕ್ಕದಿಂದ ಒಯ್ಯೋ ಲೆಕ್ಕಕ್ಕೆ ತಿರುಗಿದ ಮೇಲೆ ‘ಹೆಚ್ಚು’ ಅನ್ನೋದೂ ತಿರುಗಿ ‘ಕಡಿಮೆ’ ಆಗ್ಬೇಕು ಗುರುಗಳೇ. ನೀವು ಲೆಕ್ಕ ತಿರುಗಿಸಿದ್ರಿ, ಮಾತು ತಿರುಗಿಸಲಿಲ್ಲ.”

ಗುರು ಶಾಲಿನೊಳಗೆ ಮುಖ ಹುದುಗಿಸಿದ. ಕನಕಾಂಬೆ ತೊಟ್ಟಿಯನ್ನೇ ನೋಡುತ್ತ ನಿಂತಳು. ಮೂಗಿನ ಮೇಲಿನ ಸೆರಗು ಜಾರಿದ್ದೂ ಅವಳಿಗೆ ತಿಳಿಯಲಿಲ್ಲ.

“ಗೆದ್ದೆ,” ಎಂದ ಉದ್ದಂಡರಾಯ ಒಲ್ಲದ ಮನಸ್ಸಿನಿಂದ. “ಕುಮಾರಿ ನಿನ್ನವಳು. ಅರ್ಧ ರಾಜ್ಯವೂ ನಿನ್ನದು.”

“ಎರಡೂ ನಿಮಗೇ ಇರಲಿ ಬುದ್ದಿ. ಸೆರೆಮನೆ ಬಾಗಿಲು ತೆಗೆಸಿ, ಎಲ್ಲರನ್ನೂ ಬಿಡಿ. ಪೆದ್ದತನಕ್ಕೆ ತಲೆ ತೆಗೆಯೋದಾದ್ರೆ ಈ ಸಭೇಲಿ ಯಾರ ತಲೆ ಉಳೀತದೆ?”

ರಾಜ ತನ್ನ ಕತ್ತು ಸವರಿಕೊಂಡು ಬೀಗದ ಕೈ ತರಿಸಿದ. ಉಪ್ಪಿನ ಸುಂಕವನ್ನೂ ಮನ್ನಾ ಮಾಡಿದ. ಚೆನ್ನಿಗ ಅದನ್ನು ಬೇಡವೆನ್ನಲಿಲ್ಲ.

ಕೋಟೆ ದಾಟಿದ ಮೇಲೆ ಬೆಟ್ಟಯ್ಯನಿಗೆ ಬಾಯಿ ಬಂತು. “ಮೂರನೇದಕ್ಕೆ ಏನು ಹೇಳ್ದೆ ತಮ್ಮಾ?”

“ನೀನು ಹೇಳಿದ್ದನ್ನೇ.”

“ಮತ್ತೆ ನಿನ್ನ ತಲೆ ಹೆಂಗೆ ಉಳೀತು?”

“ನೀನು ಅವರಿಗೆ ಬುದ್ಧಿ ಐತೆ ಅಂತ ನಂಬಿದ್ದೆ ಕಣಣ್ಣ,” ಎಂದ ಚೆನ್ನಿಗ. “ನಾನು ನೀರು ತರಿಸ್ದೆ.”