ಕಟ್ ಅಂದವಳು

ಕಾವೇರಿ ದಂಡೆಯಲ್ಲಿ ಗ್ರೀವ್ಸ್ ಸಾಹೇಬರು ತಮ್ಮ ಕೊನೆಯ ಸಿನಿಮಾ ತೆಗೆಯುತ್ತಿದ್ದರು. ಹುಟ್ಟಿದ್ದು ಇಂಗ್ಲೆಂಡಿನಲ್ಲಾದರೂ ಬೆಳೆದದ್ದು ಮೈಸೂರಿನಲ್ಲಿ. ಲಂಡನ್ನಿನಲ್ಲಿ ಐವತ್ತು ವರ್ಷ ನಿರ್ದೇಶಕರಾಗಿ ಮೆರೆದರೂ ಕನ್ನಡ ನಾಲಿಗೆ ಬಿಟ್ಟು ಹೋಗಿರಲಿಲ್ಲ.

ಇಂದುಮತಿ ಅವರ ಶಿಷ್ಯೆ. ಅವರ ಕೈಕೆಳಗೆ ಕಲಿಯಬೇಕೆಂದು ಮನೆಯವರೊಡನೆ ಜಗಳವಾಡಿಕೊಂಡು ಬಂದವಳು.

ಸೆಟ್ಟಿನಲ್ಲಿ ಸಾಹೇಬರದು ಒಂದೇ ಕಟ್ಟಳೆ. ‘ಕಟ್’ ಅನ್ನುವ ಮಾತು ಅವರ ಬಾಯಿಂದ ಮಾತ್ರ ಬರಬೇಕು. ಹಿಂದಿನ ಶಿಷ್ಯ ಒಮ್ಮೆ ಬಾಯಿತಪ್ಪಿ ಅಂದು, ಅದೇ ಸಂಜೆ ಗಂಟುಮೂಟೆ ಕಟ್ಟಿದ್ದ.

ಅಂದು ನಾಯಕ ಹೊಳೆಯಲ್ಲಿ ಮುಳುಗುವ ದೃಶ್ಯ. ಸೂರ್ಯ ಕೆಂಪಗೆ ಇಳಿದಿದ್ದ. ಆ ಬೆಳಕು ಆರುವ ಮೊದಲು ಮುಗಿಯಬೇಕು.

ನಟ ವಾಸುಕಿ ನೀರಿಗಿಳಿದ. ಕ್ಯಾಮೆರಾ ಓಡಿತು. ಅವನು ಕೈ ಬಡಿದ, ಮುಳುಗಿದ, ಎದ್ದ, ಮತ್ತೆ ಮುಳುಗಿದ.

ಏಳಲಿಲ್ಲ.

"ಸರ್..." ಇಂದುಮತಿ ಪಿಸುಗುಟ್ಟಿದಳು.

ಸಾಹೇಬರು ಮಾನಿಟರಿನಿಂದ ಕಣ್ಣು ಕೀಳಲಿಲ್ಲ. "ಶ್!"

ನೀರಿನ ಮೇಲೆ ಒಂದು ಕೈ ಬಂತು. ಬೆರಳುಗಳು ಗಾಳಿಯನ್ನು ಪರಚಿದವು. ಆ ಕೈಯೂ ಹೋಯಿತು. ದಂಡೆಯ ಮೇಲಿದ್ದವರೆಲ್ಲ ಟಿಕೆಟ್ ಕೊಂಡು ಬಂದವರ ಹಾಗೆ ಬಾಯಿ ಬಿಟ್ಟುಕೊಂಡು ನಿಂತಿದ್ದರು.

"ಕಟ್!" ಇಂದುಮತಿ ಕಿರುಚಿದಳು. "ನೋಡ್ತಾ ನಿಂತಿದ್ದೀರಲ್ರೋ, ಎಳೀರೋ ಅವರನ್ನ!"

ಕಾವಲಿಗಿದ್ದ ಈಜುಗಾರರು ಧುಮುಕಿ ವಾಸುಕಿಯನ್ನು ಎಳೆದು ತಂದರು. ಅವನು ಬಾಯಲ್ಲಿದ್ದ ನೀರು ಉಗುಳಿ ಎದ್ದು ನಿಂತ.

"ಯಾವಳೇ ಕಟ್ ಅಂದಿದ್ದು? ಸಾಯೋದನ್ನ ಇಷ್ಟು ಚೆನ್ನಾಗಿ ಜನ್ಮದಲ್ಲೇ ಮಾಡಿರಲಿಲ್ಲ ಕಣೇ!"

ನಿರ್ಮಾಪಕ ಗುರುಸಿದ್ದಪ್ಪ ಆಕಾಶ ತೋರಿಸಿ ಕೂಗಾಡಿದ. "ಬೆಳಕು ಹೋಯ್ತು! ಜೀವ ಉಳಿಸೋಕೆ ಬಂದ್ಲು ಮಹಾತಾಯಿ! ಇವಳನ್ನ ಈಗಲೇ ಬಸ್ ಹತ್ತಿಸಿ."

ಇಂದುಮತಿ ಗುರುಗಳ ಮುಂದೆ ಹೋಗಿ ನಿಂತಳು.

"ತಪ್ಪಾಯ್ತು ಸರ್. ಅದು ನಟನೆ ಅಂತ ನನಗೆ ಗೊತ್ತಾಗ್ಲಿಲ್ಲ."

"ನನಗೂ ಗೊತ್ತಾಗ್ಲಿಲ್ಲ," ಅಂದರು ಸಾಹೇಬರು.

ತಲೆ ಒರೆಸಿಕೊಳ್ಳುತ್ತಿದ್ದ ವಾಸುಕಿಯ ಕೈ ಅಲ್ಲೇ ನಿಂತಿತು.

ಇಂದುಮತಿಗೆ ತಡೆಯಲಾಗಲಿಲ್ಲ. "ಮತ್ತೆ ನೀವ್ಯಾಕೆ ಸುಮ್ನಿದ್ರಿ?"

"ಶಾಟ್ ತುಂಬಾ ಚೆನ್ನಾಗಿತ್ತು."

ಹಾಗಂದವರು ಕುರ್ಚಿಯ ಕೈ ಹಿಡಿದು ನಿಧಾನವಾಗಿ ಎದ್ದರು. ಯಾರನ್ನೂ ಕೂರಲು ಬಿಡದ ಆ ಕುರ್ಚಿಯನ್ನು ಅವಳತ್ತ ತಳ್ಳಿದರು.

"ನಾಳೆ ಇಲ್ಲಿ ನೀನು ಕೂರು. ಕಟ್ ನೀನೇ ಹೇಳು."

ಅವಳು ಕೂರಲಿಲ್ಲ. "ನಾಳೆಯೂ ನನಗೆ ಗೊತ್ತಾಗದೆ, ಬೆಳಕು ಹಾಳಾದ್ರೆ?"

ಸಾಹೇಬರು ಕಪ್ಪಾಗುತ್ತಿದ್ದ ಹೊಳೆಯನ್ನು ನೋಡಿದರು.

"ಸೂರ್ಯನಾದರೆ ನಾಡಿದ್ದೂ ಮುಳುಗ್ತಾನಮ್ಮ."