ಗಿಳಿರಾಯರ ಮುನ್ನೋಟ

ಆನ್‌ಲೈನ್ ಕುದುರೆ ರೇಸಿನ ಆಟವೊಂದರಲ್ಲಿ ಅದು ಎಂದಿನಂಥದೇ ಶುಕ್ರವಾರ. ಮರುದಿನ ಎರಡು ವರ್ಷದ ಎಂಟು ಕುದುರೆಗಳ ಮೊದಲ ಓಟ. ಯಾರು ಎಷ್ಟನೆಯವರಾಗಿ ಬರುತ್ತಾರೆಂದು ಗಿಳಿರಾಯರು ಮುನ್ನೋಟ ಬರೆದು ಪರದೆಯ ಮೇಲೆ ಹಾಕಿದ್ದರು. ಚಿಟಕಿ ಎಂಬ ಹೆಣ್ಣುಕುದುರೆ ಅದನ್ನು ಮೂರು ಸಲ ಓದಿದಳು. ಅವಳ ಹೆಸರೇ ಇರಲಿಲ್ಲ.

"ರಾಯರೇ, ನನ್ನನ್ನು ಬಿಟ್ಟಿದ್ದೀರಲ್ಲ?"

"ನೀವ್ಯಾರೂ ಇನ್ನೂ ಓಡಿಲ್ಲ ತಾಯಿ. ಅಪ್ಪ ಅಮ್ಮ ಓಡಿದ್ದನ್ನು ನೋಡಿ ಬರೆಯುತ್ತೇನೆ. ನಿನ್ನವರು ಓಡಿದ ದಾಖಲೆಯೇ ಇಲ್ಲ."

"ಕೊನೆಯವಳು ಅಂತಲಾದರೂ ಬರೀರಿ."

"ಗೊತ್ತಿಲ್ಲದ್ದನ್ನು ನಾನು ಬರೆಯುವುದಿಲ್ಲ."

"ಪಟ್ಟಿಯಲ್ಲೇ ಇಲ್ಲದವಳು ಎಲ್ಲಿಗೆ ಓಡ್ತೀಯೇ?" ಎಂದು ಮೊದಲ ಸ್ಥಾನದ ಭೂಪತಿ ಕೆನೆದ.

ಶನಿವಾರ ಗೇಟು ತೆರೆಯಿತು. ಪಟ್ಟಿಯ ನಾಲ್ಕನೆಯವನು ಮೂರನೆಯವನನ್ನು ದಾಟುವಷ್ಟರಲ್ಲಿ ಮುನ್ನೋಟ ನೆನಪಾಗಿ ಹಿಂದೆ ಸರಿದ. ಭೂಪತಿ ಗೆಲುವು ತನ್ನದೇ ಎಂದು ಹಾಯಾಗಿ ಓಡಿದ. ತನ್ನ ಜಾಗ ಯಾವುದೆಂದು ತಿಳಿಯದ ಚಿಟಕಿ ಒಬ್ಬೊಬ್ಬರನ್ನೇ ದಾಟುತ್ತ ಹೋದಳು. ದಾಟಲು ಯಾರೂ ಉಳಿಯದಿದ್ದಾಗ ಗೆಲುವಿನ ಗೆರೆ ಬಂತು. ಹಿಂದೆ ಏಳೂ ಕುದುರೆಗಳು ಬರೆದಿದ್ದ ಕ್ರಮದಲ್ಲೇ ಬಂದವು.

"ಏಳರ ಕ್ರಮ ತಪ್ಪಿಲ್ಲ ನೋಡಿ!" ಎಂದು ರಾಯರು ರೆಕ್ಕೆ ಬಡಿದರು.

ಮುಂದಿನ ಶುಕ್ರವಾರ ಕುದುರೆಗಳೆಲ್ಲ ರಾಯರ ಮುಂದೆ ಸಾಲುಗಟ್ಟಿದವು. "ದಮ್ಮಯ್ಯ, ನನ್ನ ಹೆಸರು ಬಿಟ್ಟುಬಿಡಿ" ಎಂದ ಭೂಪತಿ.

"ನನ್ನದೂ" ಎಂದಳು ಚಿಟಕಿ.

ಆ ವಾರದ ಮುನ್ನೋಟದಲ್ಲಿ ತಲೆಬರಹ ಮಾತ್ರ ಇತ್ತು.